ಕೆಂಪುಹೊಟ್ಟಿನ ಗವಿ

ದಸರೆಯ ರಜೆಯಲ್ಲಾಗಲಿ ಡಿಸೆಂಬರಿನ ಚಳಿಯಲ್ಲಾಗಲಿ ನಮ್ಮ ಗುಡ್ಡಕ್ಕೆ ಬರುವವರು ಜೀಪಿನಿಂದ ಇಳಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ಕೆಂಪು ಎಲ್ಲಿದೆ? ಫಲಕದ ಮೇಲೆ ‘ಕೆಂಪುಹೊಟ್ಟಿನ ಗವಿ’ ಎಂದು ಬರೆದಿದೆ. ಸುತ್ತ ನೋಡಿದರೆ ಬೂದು ಬಂಡೆ, ಒಣ ಹುಲ್ಲು, ನವಣೆ ಹೊಲ. ಗವಿಯ ಒಳಗೆ ಇಳಿದರೆ ಸುಣ್ಣದ ಕಲ್ಲು ಹಾಲಿನಂತೆ ಬೆಳ್ಳಗೆ. ಕೆಂಪೂ ಇಲ್ಲ, ಹೊಟ್ಟೂ ಇಲ್ಲ. ‘ಸ್ವಲ್ಪ ತಾಳ್ರಿ’ ಎನ್ನುತ್ತಾನೆ ಗವಿ ತೋರಿಸುವ ದ್ಯಾವಪ್ಪ. ಪ್ರತಿಯೊಬ್ಬರ ಕೈಗೂ ಬುಟ್ಟಿಯಿಂದ ಒಂದೊಂದು ಹಿಡಿ ನವಣೆ ಹೊಟ್ಟು ಕೊಟ್ಟು, ಹಳೆಯ ಕಣದ ಅಂಚಿನಲ್ಲಿರುವ ಬಿಲದ ಬಳಿ ಕರೆದೊಯ್ಯುತ್ತಾನೆ. ಒಬ್ಬ ಆಳು ನುಸುಳಬಹುದಾದಷ್ಟು ಅಗಲದ ಬಿಲ ಅದು. ನಡುಹಗಲಲ್ಲಿ ಅಂಗೈ ಬಿಚ್ಚಿದರೆ ಸಾಕು, ಹೊಟ್ಟು ಸುರ್ರೆಂದು ಒಳಗೆ ಹೋಗುತ್ತದೆ, ಯಾರೋ ಉಸಿರೆಳೆದುಕೊಂಡಂತೆ. ಚಳಿಗಾಲದ ಬೆಳಗಿನ ಜಾವದಲ್ಲಾದರೆ ಅದೇ ಬಿಲ ಹೊಟ್ಟನ್ನೆಲ್ಲ ಮುಖಕ್ಕೆ ಉಗಿಯುತ್ತದೆ. ದೊಡ್ಡ ದೊಡ್ಡ ಹುದ್ದೆಯಲ್ಲಿರುವವರು ತಲೆತುಂಬ ಹೊಟ್ಟು ಮೆತ್ತಿಕೊಂಡು ಮಕ್ಕಳಂತೆ ಕಿರುಚುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಗುಡ್ಡದ ಮೇಲಿನ ಮೇಲಟ್ಟಿ ನನ್ನ ಊರು. ಮೂವತ್ತೊಂದು ವರ್ಷ ಇಲ್ಲಿ ಅಂಚೆ ಹಂಚಿದೆ. ಗವಿಗೆ ಎಷ್ಟು ಸಲ ಇಳಿದಿದ್ದೇನೋ ನೆನಪಿಲ್ಲ. ಹೆಸರಿನ ಕಥೆಯನ್ನು ನನ್ನ ಅಜ್ಜಿ ಹೇಳಿದ್ದಳು, ಅವಳಿಗೆ ಅವಳ ಅತ್ತೆ. ಅದನ್ನು ಇಲ್ಲಿ ಬರೆದಿಡುತ್ತೇನೆ.

ಹಿಂದೆ ಒಮ್ಮೆ, ಯಾವ ಅರಸನ ಕಾಲವೋ ಯಾರೂ ಹೇಳಲಾರರು, ಮೇಲಟ್ಟಿಯಲ್ಲಿ ಅರವತ್ತು ಒಲೆ ಉರಿಯುತ್ತಿದ್ದವಂತೆ. ನೆಲ ಚೆನ್ನಾಗಿತ್ತು, ನವಣೆ ಎದೆಮಟ್ಟ ಬೆಳೆಯುತ್ತಿತ್ತು, ಕಳ್ಳರ ಕಾಟವಿರಲಿಲ್ಲ. ಇಲ್ಲದ್ದು ನೀರೊಂದೇ. ಗುಡ್ಡದ ಬುಡದಲ್ಲಿ ಬಂಡೆ ಸೀಳಿನಿಂದ ಸುರಿಯುವ ಒರತೆಯೇ ಇಡೀ ಊರಿಗೆ ಆಧಾರ. ಅಲ್ಲಿಗೆ ಇಳಿಯಲು ಬಂಡೆಯಲ್ಲಿ ಕಡಿದ ಮುನ್ನೂರು ಮೆಟ್ಟಿಲು, ಒಂದು ಬದಿಗೆ ಗೋಡೆಯಂಥ ಕಲ್ಲು, ಇನ್ನೊಂದು ಬದಿಗೆ ಬರಿ ಗಾಳಿ. ನೀರು ತರುವುದು ಸೊಸೆಯಂದಿರ ಕೆಲಸ. ಬೆಳಿಗ್ಗೆ ಎರಡು ಸಲ, ಸಂಜೆ ಒಂದು ಸಲ. ಬಸುರಿಯಾದರೂ ಒಂಬತ್ತು ತುಂಬುವವರೆಗೆ ಬಿಡುವಂತಿರಲಿಲ್ಲ. ನಡೆದಾಡಿದರೆ ಹೆರಿಗೆ ಸುಲಭ ಎಂದು ಗಂಡಸರು ಕಟ್ಟೆಯ ಮೇಲೆ ಕೂತು ತೀರ್ಮಾನಿಸಿದ್ದರು. ಆ ಮೆಟ್ಟಿಲುಗಳ ಮೇಲೆ ಎಷ್ಟು ಕೊಡ ಒಡೆದವು, ಎಷ್ಟು ಬಸಿರು ಇಳಿದುಹೋದವು ಎಂಬುದನ್ನು ಕಟ್ಟೆಯ ಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ಕಣದ ಅಂಚಿನ ಬಿಲ ಆಗಲೂ ಇತ್ತು. ಊರವರು ಅದನ್ನು ಗುಡ್ಡದವ್ವನ ಬಾಯಿ ಎಂದು ನಂಬಿದ್ದರು. ಸುಗ್ಗಿಯಲ್ಲಿ ಕಾಳು ತೂರಿ ರಾಶಿ ಮಾಡಿದ ಮೇಲೆ ಉಳಿದ ಹೊಟ್ಟನ್ನೆಲ್ಲ ತಂದು ಅದಕ್ಕೆ ಸುರಿಯುವುದು ಪದ್ಧತಿ. ಕಾಳು ಮಕ್ಕಳಿಗೆ, ಹೊಟ್ಟು ತಾಯಿಗೆ ಎಂಬ ಲೆಕ್ಕ. ಎಷ್ಟು ಸುರಿದರೂ ಬಿಲ ತುಂಬುತ್ತಿರಲಿಲ್ಲ, ಹಗಲಲ್ಲಿ ತಾನೇ ಎಳೆದುಕೊಳ್ಳುತ್ತಿತ್ತು. ಉಣ್ಣುತ್ತಾಳೆ ಎನ್ನದೆ ಇನ್ನೇನನ್ನಬೇಕು? ಇದಕ್ಕೆ ಎರಡು ಕಟ್ಟಳೆಗಳಿದ್ದವು. ಬೆಳಗಿನ ಜಾವ ಗುಡ್ಡದವ್ವ ಬಾಯಿ ಮುಕ್ಕಳಿಸುವ ಹೊತ್ತು, ಆಗ ಯಾರೂ ಬಿಲದ ಹತ್ತಿರ ಸುಳಿಯಬಾರದು. ಮತ್ತೆ, ಆ ಬಾಯಿಗೆ ಬಿದ್ದದ್ದನ್ನು, ಕುರಿಮರಿಯೇ ಆಗಲಿ, ಕೂಗಿ ಕರೆಯಬಾರದು. ಅನ್ನ ಬಾಯಲ್ಲಿರುವಾಗ ಕಿತ್ತುಕೊಂಡಂತೆ ಆಗುತ್ತದೆಂದು ಹಿರಿಯರು ಹೇಳುತ್ತಿದ್ದರಂತೆ.

ಈ ಊರಿನಲ್ಲಿ ಸಂಕವ್ವ, ಬಾಳವ್ವ ಎಂಬ ಇಬ್ಬರು ನೆಗೆಣ್ಣಿಯರಿದ್ದರು. ಅಣ್ಣನ ಹೆಂಡತಿ ಸಂಕವ್ವ, ತಮ್ಮನ ಹೆಂಡತಿ ಬಾಳವ್ವ. ಸಂಕವ್ವನಿಗೆ ಮೂರು ವರ್ಷದ ಹಿಂದೆ ಆ ಮೆಟ್ಟಿಲುಗಳ ಮೇಲೆಯೇ ಏಳು ತಿಂಗಳ ಬಸಿರು ಹೋಗಿತ್ತು. ಕಾಲು ಜಾರಿ ಕೂತಲ್ಲೇ ಕೂತಿದ್ದಳು, ತಲೆಯ ಮೇಲಿನ ಕೊಡ ಮಾತ್ರ ಬಿದ್ದಿರಲಿಲ್ಲ. ಕೊಡ ಉಳಿಸಿದಳಲ್ಲ ಎಂದು ಯಾರೋ ಹೊಗಳಿದರಂತೆ. ಆ ಹೊಗಳಿಕೆಯನ್ನು ಆಕೆ ಸಾಯುವವರೆಗೂ ಕ್ಷಮಿಸಲಿಲ್ಲ. ಈಗ ಬಾಳವ್ವನಿಗೆ ಐದು ತುಂಬಿತ್ತು. ‘ನೀ ಇಳೀಬ್ಯಾಡ, ನಿನ್ನ ಕೊಡಾನೂ ನಾನೇ ತರ್ತೀನಿ’ ಎಂದು ಸಂಕವ್ವ ಎರಡು ಕೊಡ ಹೊರತೊಡಗಿದಳು, ಒಂದು ತಲೆಯ ಮೇಲೆ, ಒಂದು ಸೊಂಟದಲ್ಲಿ. ಎರಡು ಮನೆಯ ನೀರು ಒಬ್ಬಳ ಮೈಮೇಲೆ ಎಷ್ಟು ದಿನ ನಡೆದೀತು? ಒಂದು ದಿನ ಅವಳು ಜ್ವರದಿಂದ ಮಲಗಿದಾಗ ಬಾಳವ್ವ ಸದ್ದಿಲ್ಲದೆ ಕೊಡ ಎತ್ತಿಕೊಂಡು ಹೊರಟಿದ್ದಳು. ಸಂಕವ್ವ ಜ್ವರದಲ್ಲೇ ಓಡಿ ಹತ್ತನೆಯ ಮೆಟ್ಟಿಲಲ್ಲಿ ಅವಳ ರಟ್ಟೆ ಹಿಡಿದು ವಾಪಸು ಎಳೆದು ತಂದಳು. ಈ ಮಗು ಉಳಿಯಬೇಕಾದರೆ ನೀರೇ ಮೇಲೆ ಬರಬೇಕು, ಬೇರೆ ದಾರಿಯಿಲ್ಲ ಎಂದು ಅಂದೇ ಅವಳಿಗೆ ಖಚಿತವಾಯಿತು.

ನೀರು ಮೇಲೆ ಬರುವುದೆಂದರೆ ಹೇಗೆ? ಅವಳ ತಲೆಗೆ ಹತ್ತಿದ ಹುಳ ಬಹಳ ಸಣ್ಣದು. ಒರತೆಯಲ್ಲಿ ತುಂಬಿದ ಕೊಡದ ನೀರಿನ ಮೇಲೆ ಆಗಾಗ ಒಂದೆರಡು ನವಣೆ ಹೊಟ್ಟು ತೇಲುತ್ತಿದ್ದವು. ಎಲ್ಲ ಹೆಂಗಸರೂ ಅದನ್ನು ಕಂಡಿದ್ದರು, ತಮ್ಮ ಸೆರಗಿನಿಂದಲೇ ಉದುರಿರಬೇಕೆಂದು ಬೆರಳಿಂದ ತೆಗೆದು ಬಿಸಾಡಿದ್ದರು. ಸಂಕವ್ವ ಒಂದು ದಿನ ಸೆರಗು ಕೊಡವಿ ಬಿಗಿದು, ಕೊಡವನ್ನು ಮೂರು ಸಲ ತೊಳೆದು, ಸೀಳಿನ ಬಾಯಿಗೇ ಹಿಡಿದಳು. ಆಗಲೂ ಹೊಟ್ಟು ಬಂತು! ಗುಡ್ಡದ ಬುಡದಲ್ಲಿ ಕಣವಿಲ್ಲ, ಹೊಲವಿಲ್ಲ. ಮರುದಿನ ಬೆಳಗಿನ ಜಾವ ಕಟ್ಟಳೆ ಮುರಿದು ಅವಳು ಬಿಲದ ಬಳಿ ಹೋದಳು. ಹೊರಗೆ ಹಲ್ಲು ಕಟಕಟಿಸುವ ಒಣ ಚಳಿ. ಬಿಲದಿಂದ ಬರುತ್ತಿದ್ದುದು ಬೆಚ್ಚನೆಯ ಗಾಳಿ. ಬಗ್ಗಿ ನಿಂತು ಎದ್ದಾಗ ಮುಂಗುರುಳು ಒದ್ದೆಯಾಗಿತ್ತು. ಕೈಯಿಂದ ಮುಟ್ಟಿ ನೋಡಿದಳು, ಮತ್ತೆ ಮುಟ್ಟಿ ನೋಡಿದಳು. ಅಲ್ಲಿಂದ ಮನೆಯವರೆಗೆ ಓಡಿದಳಂತೆ.

ಊರಿನ ಹಿರಿಯ ಕರಿಬಸನಗೌಡ. ಕೆಟ್ಟವನಲ್ಲ, ನೀರು ಹೊತ್ತವನಲ್ಲ, ಅಷ್ಟೇ. ಕಣದ ಮೇಲೆ ಹತ್ತು ಜನರ ನಡುವೆ ಕೂತಿದ್ದವನೆದುರು ಸಂಕವ್ವ ನಿಂತು, ನಮ್ಮ ಕಾಲ ಕೆಳಗೇ ನೀರಿದೆ, ಬಿಲಕ್ಕೆ ಹಗ್ಗ ಇಳಿಬಿಡಿ ಎಂದಾಗ ಅವನು ಮೀಸೆಯಲ್ಲೇ ನಕ್ಕ. ‘ಏನವಾ, ಅವ್ವ ಉಂಡದ್ದನ್ನ ಹೊಟ್ಟಿ ಬಗದು ನೋಡಬೇಕಂತಿ ಏನು?’ ಸಂಕವ್ವ ಹಿಂಜರಿಯಲಿಲ್ಲ. ‘ಗೌಡ್ರ, ಈ ಸಲದ ಹೊಟ್ಟಿಗೆ ಕೆಮ್ಮಣ್ಣು ಬಳದು ಹಾಕ್ತೀನಿ. ಅವ್ವ ಉಣ್ಣೋದು ಖರೇ ಆದ್ರ ಅದು ಎಲ್ಲೂ ಕಾಣಬಾರದು. ಒರತ್ಯಾಗ ಕೆಂಪು ಹೊಟ್ಟು ಬಂತು ಅಂದ್ರ ನೀವು ಹಗ್ಗ ಬಿಡಬೇಕು. ಅಮಾಸಿ ಒಳಗ ಬರಲಿಲ್ಲ ಅಂದ್ರ ನಿಮ್ಮ ಮನಿ ನೀರೂ ನಾನೇ ಹೊರ್ತೀನಿ, ಸಾಯೂತನಕ.’ ಗೌಡನ ಮನೆಯೆಂದರೆ ದಿನಕ್ಕೆ ಹನ್ನೆರಡು ಕೊಡ. ಕಣದ ಮೇಲೆ ನಗೆಯ ಅಲೆಯೆದ್ದಿತು. ಗೌಡ ಹೂಂ ಎಂದ. ಬಾಳವ್ವ ಮಾತ್ರ ಮನೆಯಲ್ಲಿ ಗೋಡೆಗೊರಗಿ ಅತ್ತಳು. ಸೋತರೆ ಸಂಕವ್ವನ ಬೆನ್ನು ಉಳಿಯುವುದಿಲ್ಲ, ತನ್ನ ಕೊಡ ತನ್ನ ತಲೆಗೇ ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಆ ವರ್ಷದ ಸುಗ್ಗಿಯಷ್ಟು ಸಡಗರ ಮೇಲಟ್ಟಿ ಮತ್ತೆ ಕಂಡಿಲ್ಲ ಎನ್ನುತ್ತಾರೆ. ಕೆಮ್ಮಣ್ಣು ಸಿಗುವುದು ಗುಡಿಯ ಹಿಂದಿನ ಒಂದೇ ಗುಂಡಿಯಲ್ಲಿ. ಹಬ್ಬಕ್ಕೆ ಮುಂಚೆ ಗೋಡೆಯ ಬುಡಕ್ಕೆ ಕಾರಣೆಯ ಕೆಂಪು ಪಟ್ಟಿ ಬಳಿಯಲು ಎಲ್ಲ ಮನೆಯವರೂ ಅಲ್ಲಿಂದಲೇ ತರುತ್ತಿದ್ದರು. ಸಂಕವ್ವ ಅದನ್ನು ಕೊಡಗಟ್ಟಲೆ ನೀರಲ್ಲಿ ಕಲಸಿ, ಹೊಟ್ಟಿಗೆ ಸುರಿದು, ಕಾಲಿಂದ ತುಳಿದಳು. ನೀರು ಪೋಲು ಮಾಡುತ್ತಾಳೆಂದು ಗಂಡಸರು ಗೊಣಗಿದರೆ, ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಪಾಲಿನ ಅರ್ಧ ಕೊಡ ತಂದು ಸುರಿದುಹೋದರು. ಒಣಗಿದ ಕೆಂಪು ಹೊಟ್ಟು ಕಣದ ತುಂಬ ಕುಂಕುಮದಂತೆ ಹರಡಿತ್ತು. ನಡುಹಗಲಿಗೆ ಸರಿಯಾಗಿ ಬುಟ್ಟಿ ಬುಟ್ಟಿ ಸುರಿದರು, ಬಿಲ ಸುರ್ರೆಂದು ಎಳೆದುಕೊಂಡಿತು. ಅಂದಿನಿಂದ ಸಂಕವ್ವ ಒರತೆಯ ಸೀಳಿಗೆ ಬಿಳಿಯ ಬಟ್ಟೆ ಕಟ್ಟಿ ಕಾದಳು. ಒಂದು ದಿನ ಹೋಯಿತು, ನಾಲ್ಕು ದಿನ ಹೋಯಿತು. ಬಟ್ಟೆಗೆ ಸಿಕ್ಕಿದ್ದು ಎಂದಿನ ಬಿಳಿಚಿಕೊಂಡ ಹೊಟ್ಟು, ಅದೂ ಎರಡೋ ಮೂರೋ. ಒಂಬತ್ತನೆಯ ದಿನ ಗೌಡನ ಮನೆಯ ಆಳು ಹನ್ನೆರಡು ಕೊಡಗಳನ್ನು ತೊಳೆದು ಸಂಕವ್ವನ ಅಂಗಳದಲ್ಲಿ ಸಾಲಾಗಿ ಬೋರಲು ಹಾಕಿ ಹೋದ. ಮರುದಿನವೇ ಅಮಾವಾಸ್ಯೆ.

ಅಮಾವಾಸ್ಯೆಯ ಬೆಳಿಗ್ಗೆ ನೀರಿಗೆ ಇಳಿದ ಹೆಂಗಸರು ಕಿರುಚುತ್ತ ಮೇಲೆ ಓಡಿ ಬಂದರು. ಒರತೆ ಕೆಂಪಗೆ ಹರಿಯುತ್ತಿತ್ತು! ಹೊಟ್ಟಲ್ಲ, ನೀರೇ ಕೆಂಪು. ಊರಿಗೆ ಊರೇ ನಡುಗಿತು. ಗುಡ್ಡದವ್ವ ನೆತ್ತರು ಕಾರುತ್ತಿದ್ದಾಳೆ, ಮಣ್ಣು ತಿನ್ನಿಸಿದ ಪಾಪ ಊರಿಗೆ ತಟ್ಟಿತು ಎಂದು ಗುಡಿಯ ಗಂಟೆ ಬಾರಿಸಿದರು. ಸಂಕವ್ವನನ್ನು ಗುಡ್ಡದಿಂದ ಇಳಿಸಿಬಿಡಿ, ಅವಳ ಮನೆಯವರನ್ನೂ ಕಳಿಸಿಬಿಡಿ ಎಂಬ ಕೂಗೆದ್ದಿತು. ಆಗ ಸಂಕವ್ವ ಮೆಟ್ಟಿಲು ಹತ್ತಿ ಬಂದಳು, ತಲೆಯ ಮೇಲೆ ಕೆಂಪು ನೀರಿನ ಕೊಡ, ಬಾಯ್ತುಂಬ ನಗು. ಈ ನಗು ಕಂಡು ಜನ ಇನ್ನಷ್ಟು ರೇಗಿದರು. ಅವಳು ಕೊಡವನ್ನು ಕಣದ ನಡುವೆ ಇಟ್ಟು, ಸ್ವಲ್ಪ ಹೊತ್ತು ಯಾರೂ ಅಲುಗಾಡಿಸಬೇಡಿ ಎಂದಳು. ನೀರು ತಿಳಿಯಾಯಿತು. ಮೆಲ್ಲಗೆ ಬಗ್ಗಿಸಿ ಚೆಲ್ಲಿದಾಗ ಕೊಡದ ತಳದಲ್ಲಿ ಕೆಸರು ಉಳಿದಿತ್ತು. ಅದನ್ನು ಬೊಗಸೆಯಲ್ಲಿ ತೆಗೆದು ಅವಳು ಗೌಡನ ಮುಂದೆ ಹಿಡಿಯಲಿಲ್ಲ. ಗೌಡನ ತಾಯಿ, ಐವತ್ತು ವರ್ಷ ನೀರು ಹೊತ್ತು ನಡು ಬಾಗಿದ್ದ ಸೋಮವ್ವನ ಮುಂದೆ ಹಿಡಿದಳು. ಮುದುಕಿ ಎರಡು ಬೆರಳಲ್ಲಿ ತಿಕ್ಕಿದಳು, ಮೂಸಿದಳು, ಪಕ್ಕದ ಗುಡಿಯ ಗೋಡೆಗೆ ಒಂದು ಗೆರೆ ಎಳೆದಳು. ಅಲ್ಲಿದ್ದ ಕಾರಣೆಗೂ ಈ ಗೆರೆಗೂ ಏನೂ ವ್ಯತ್ಯಾಸವಿರಲಿಲ್ಲ. ‘ನೆತ್ತರಂತ ನೆತ್ತರು! ಇದು ನಮ್ಮ ಗುಂಡಿ ಕೆಮ್ಮಣ್ಣು. ಹೊಟ್ಟು ತೊಳದು ಮಣ್ಣು ಬ್ಯಾರೆ ಮಾಡ್ಯಾಳ ನೀರವ್ವ. ಬಸನ್ಯಾ, ಹಗ್ಗ ತರಸು’ ಎಂದಳು. ಊರಿನ ಮುಂದೆ ಗೌಡನನ್ನು ಹಾಗೆ ಕರೆಯುವ ಧೈರ್ಯ ಅವಳೊಬ್ಬಳಿಗೇ ಇತ್ತು. ನೆನೆಸಿದ ಮಣ್ಣು ನೀರಲ್ಲಿ ತೊಳೆದುಹೋಗುತ್ತದೆಂಬ ಸರಳ ಮಾತು ಸಂಕವ್ವನಿಗೂ ಹೊಳೆದಿರಲಿಲ್ಲ. ತಾನು ಮಾಡಿದ ತಪ್ಪೇ ತನ್ನ ಸಾಕ್ಷಿಯಾದದ್ದಕ್ಕೆ ಅವಳು ಅಷ್ಟು ನಕ್ಕದ್ದು.

ಗೌಡ ಮಾತಿಗೆ ತಪ್ಪಲಿಲ್ಲ. ಬಾವಿಹಗ್ಗ, ಬಂಡಿಹಗ್ಗಗಳನ್ನೆಲ್ಲ ಗಂಟು ಹಾಕಿ ಉದ್ದ ಮಾಡಿಸಿದ. ಇಳಿಯುವವರು ಯಾರು ಎಂದಾಗ ಗಂಡಸರು ಹಗ್ಗದ ಗಂಟುಗಳನ್ನೇ ಮತ್ತೆ ಬಿಗಿಯತೊಡಗಿದರು. ಸಂಕವ್ವ ಕಚ್ಚೆ ಹಾಕಿ ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡಳು. ಒಂದು ಕೈಗೆ ಪಂಜು, ಇನ್ನೊಂದು ಕಂಕುಳಿಗೆ ಸಣ್ಣ ಕೊಡ. ಬರಿಗೊಡ ಒಯ್ದರೆ ಅಪಶಕುನವೆಂದು ಬಾಳವ್ವ ಮನೆಯ ಹಂಡೆಯಿಂದ ಎರಡು ಬೊಗಸೆ ನೀರು ಅದಕ್ಕೆ ಹಾಕಿದ್ದಳು. ಒಮ್ಮೆ ಜಗ್ಗಿದರೆ ಎಳೆಯಬೇಕು, ಎರಡು ಸಲ ಜಗ್ಗಿದರೆ ಬಿಡಬೇಕು ಎಂದು ಮಾತಾಯಿತು. ನಡುಹಗಲ ಬಿಸಿಲಲ್ಲಿ ಅವಳ ತಲೆ ಬಿಲದೊಳಗೆ ಮರೆಯಾಯಿತು. ಇಪ್ಪತ್ತು ಮೊಳ ಇಳಿದ ಮೇಲೆ ಬಿಲ ಒಮ್ಮೆಲೇ ಅಗಲವಾಯಿತು. ಪಂಜಿನ ಬೆಳಕಲ್ಲಿ ಅವಳು ಕಂಡದ್ದನ್ನು ನನ್ನ ಅಜ್ಜಿ ಹೇಳುವಾಗ ಎದ್ದು ನಿಂತೇ ಹೇಳುತ್ತಿದ್ದಳು: ಗುಡಿಯ ಗೋಪುರದಷ್ಟು ಎತ್ತರದ ಗವಿ, ಮೇಲಿಂದ ಜೋತುಬಿದ್ದ ಬಿಳಿಯ ಕಲ್ಲುಗಳು ಮಿಣಮಿಣ, ಮತ್ತು ಕಾಲ ಕೆಳಗೆ ಬಂಗಾರದ ಗುಡ್ಡ! ಅದು ಬಂಗಾರವಲ್ಲ, ಹೊಟ್ಟು. ಮುತ್ತಜ್ಜ ಮುತ್ತಜ್ಜಿಯರ ಕಾಲದಿಂದ ಸುರಿದ ಹೊಟ್ಟು ಬೆಟ್ಟವಾಗಿ ನಿಂತಿತ್ತು, ನೆತ್ತಿಯಲ್ಲಿ ಮಾತ್ರ ಈ ವರ್ಷದ ಕೆಂಪು. ಒಂದು ಬದಿ ಇತ್ತೀಚೆಗೆ ಕುಸಿದು ಕೆಂಪು ಹೊಟ್ಟು ಕತ್ತಲೊಳಗೆ ಜಾರಿಹೋದಂತಿತ್ತು. ಅವಳ ಮೈ ಝಲ್ಲೆಂದದ್ದು ಸಂತೋಷಕ್ಕಲ್ಲ. ಸುಗ್ಗಿಯ ಕಣಕ್ಕೆ ಕಿಡಿಯನ್ನೂ ತರಬಾರದೆಂದು ಹುಟ್ಟಿದಂದಿನಿಂದ ಕೇಳಿದವಳು ಉರಿಯುವ ಪಂಜು ಹಿಡಿದು ನೂರು ಸುಗ್ಗಿಯ ಹೊಟ್ಟಿನ ಮೇಲೆ ತೂಗಾಡುತ್ತಿದ್ದಳು. ಒಂದು ಕಿಡಿ ಆಗಲೇ ಉದುರಿ ಗಾಳಿಯಲ್ಲೇ ಆರಿತ್ತು. ಅವಳು ಹಿಂದುಮುಂದು ನೋಡದೆ ಪಂಜನ್ನು ಕೊಡದೊಳಗೆ ತುರುಕಿದಳು. ಬಾಳವ್ವ ಹಾಕಿದ ಎರಡು ಬೊಗಸೆ ನೀರು ಚುಂಯ್ ಎಂದಿತು. ಆಮೇಲೆ ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಕತ್ತಲೆ.

ವಾಪಸು ಎಳೆಸಿಕೊಳ್ಳಬಹುದಿತ್ತು. ಒಮ್ಮೆ ಮೇಲೆ ಬಂದರೆ ಗಂಡಸರು ಮತ್ತೆ ಇಳಿಬಿಡಲಾರರೆಂದು ಅವಳು ಎರಡು ಸಲ ಜಗ್ಗಿದಳು. ಹೊಟ್ಟಿಗೆ ಕಾಲಿಟ್ಟದ್ದೇ ಸೊಂಟದವರೆಗೆ ಹೂತುಹೋದಳು. ಮೇಲಿಂದ ಎಳೆದುಕೊಂಡ ಗಾಳಿ ಬೆನ್ನಿಗೆ ಬೀಸುತ್ತಿತ್ತು. ಹೊಟ್ಟನ್ನು ಒರತೆಗೆ ಒಯ್ದ ಗಾಳಿ ತನ್ನನ್ನೂ ಒಯ್ಯಲಿ ಎಂದು ಅದು ತಳ್ಳಿದ ಕಡೆಗೇ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ಇಡೀ ರಾಶಿ ಜಾರಿತು. ಮೇಲೆ ಹಗ್ಗ ಹಿಡಿದವರ ಅಂಗೈ ಸುಲಿದುಕೊಂಡು ಹಗ್ಗ ಸರಸರ ಓಡಿತು, ಗಕ್ಕನೆ ನಿಂತಿತು, ಸಡಿಲಾಯಿತು. ಬಿಲದೊಳಗೆ ಬೆಳಕಿಲ್ಲ, ಸದ್ದಿಲ್ಲ. ಅವ್ವ ನುಂಗಿದಳು ಎಂದು ಯಾರೋ ಪಿಸುಗುಟ್ಟಿದರು. ಗೌಡ ಕಣ್ಣು ಮುಚ್ಚಿ ಕೈ ಮುಗಿದ. ಬಾಯಿಗೆ ಬಿದ್ದದ್ದನ್ನು ಕರೆಯಬಾರದು. ಅರವತ್ತು ಮನೆಯ ಜನ ಕಟ್ಟಳೆಯ ಮುಂದೆ ಮೂಕರಂತೆ ನಿಂತಿದ್ದರು. ಬಾಳವ್ವ ಮಾತ್ರ ನಿಲ್ಲಲಿಲ್ಲ. ತನ್ನ ದೊಡ್ಡ ಹೊಟ್ಟೆಯನ್ನು ಒಂದು ಕೈಯಿಂದ ಆತುಕೊಂಡು, ಬಿಲದ ಅಂಚಿನಲ್ಲಿ ಮೊಣಕಾಲೂರಿ, ಎದೆ ಬಿರಿಯುವಂತೆ ‘ಅಕ್ಕಾ!’ ಎಂದು ಕೂಗಿದಳು. ಮತ್ತೊಮ್ಮೆ ಕೂಗಿದಳು. ಮೂರನೆಯ ಕೂಗಿಗೆ ಕೆಳಗಿಂದ, ಪಾತಾಳದಿಂದಲೇ ಎಂಬಂತೆ, ಮೊದಲು ಒಂದು ಕೆಮ್ಮು ಬಂತು, ಆಮೇಲೆ ನಗೆ.

‘ಬಾಳೀ! ನಾ ನೀರಾಗ ಅದೀನಿ! ಸೊಂಟಮಟ ನೀರು!’

ಆಮೇಲೆ ಕಣದ ಮೇಲೆ ಆದದ್ದನ್ನು ಹೇಳಲು ನನ್ನ ಲೇಖನಿಗೆ ಬಲ ಸಾಲದು. ಹೆಂಗಸರು ಅಳುತ್ತ ಕುಣಿದರು, ಮುದುಕಿ ಸೋಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿದಳು, ಅಂಗೈ ಸುಲಿದ ಗಂಡಸರು ಹಗ್ಗವನ್ನು ಎದೆಗೊತ್ತಿಕೊಂಡು ನಿಂತರು. ಮೊದಲು ಮೇಲೆ ಬಂದದ್ದು ತುಂಬಿದ ಕೊಡ, ಆಮೇಲೆ ಕೂದಲಲ್ಲಿ, ಕಿವಿಯಲ್ಲಿ, ಹುಬ್ಬಿನಲ್ಲಿ ಕೆಂಪು ಹೊಟ್ಟು ಮೆತ್ತಿಕೊಂಡ ಸಂಕವ್ವ. ಅವಳು ಯಾರ ಮಾತಿಗೂ ನಿಲ್ಲದೆ ಆ ಕೊಡವನ್ನು ಒಯ್ದು ಬಾಳವ್ವನ ಕಾಲ ಮೇಲೆ ಸುರಿದಳು. ಮೂರು ವರ್ಷದಿಂದ ತಡೆದಿಟ್ಟುಕೊಂಡಿದ್ದ ಅಳು ಆಗ ಬಂತಂತೆ, ಸಂಜೆಯವರೆಗೂ ನಿಲ್ಲಲಿಲ್ಲವಂತೆ. ಮರುದಿನ ಬೆಳಿಗ್ಗೆ ಗೌಡನ ಮನೆಯ ಹನ್ನೆರಡು ಕೊಡಗಳನ್ನು ಗೌಡನೇ ಬಂದು ಎತ್ತಿಕೊಂಡು ಹೋದ. ಹೊಟ್ಟನ್ನೆಲ್ಲ ಹೊರಗೆ ಹೊತ್ತುಹಾಕಲು ಒಂದು ತಿಂಗಳು ಹಿಡಿಯಿತು. ಬಂಡೆ ಸಡಿಲವಿದ್ದ ಕಡೆ ಇನ್ನೊಂದು ಬಾಯಿ ತೆರೆದು ಎಂಬತ್ತು ಮೆಟ್ಟಿಲು ಕಡಿಯುವಷ್ಟರಲ್ಲಿ ಬಾಳವ್ವನಿಗೆ ಹೆಣ್ಣುಮಗು ಹುಟ್ಟಿತು. ಅದಕ್ಕೆ ಗವಿಯವ್ವ ಎಂದು ಹೆಸರಿಟ್ಟರು. ನಮ್ಮ ಅಜ್ಜಿಯ ಮಾತು ನಂಬುವುದಾದರೆ ನಾವು ಅವಳ ಪೀಳಿಗೆಯವರು. ಮೇಲಟ್ಟಿಯ ಅರ್ಧ ಊರು ಇದನ್ನೇ ಹೇಳುತ್ತದೆ, ನಾನು ಜಗಳಕ್ಕೆ ಹೋಗುವುದಿಲ್ಲ.

ಈಗಲೂ ಸುಗ್ಗಿಯಲ್ಲಿ ಒಂದು ಬುಟ್ಟಿ ಹೊಟ್ಟಿಗೆ ಕೆಮ್ಮಣ್ಣು ಬಳಿದು ಗವಿಯ ಹೊಳೆಗೆ ಬಿಡುತ್ತಾರೆ. ಗುಡ್ಡದ ಬುಡದಲ್ಲಿ ಒರತೆ ಕೆಂಪಾಗುವುದನ್ನು ನೋಡಲು ರಜೆಗೆ ಬಂದ ಮಕ್ಕಳು ಬಂಡೆಗಳ ಮೇಲೆ ಸಾಲಾಗಿ ಕೂತು ಕಾಯುತ್ತಾರೆ. ‘ಬಂತು! ಬಂತು!’ ಎಂಬ ಕೂಗು ಗುಡ್ಡದ ಮೇಲಿನವರೆಗೂ ಕೇಳುತ್ತದೆ. ಗವಿಯೊಳಗೆ ಹೋದವರಿಗೆ ದ್ಯಾವಪ್ಪ ಹೊಳೆಯ ಹತ್ತಿರ ಟಾರ್ಚುಗಳನ್ನೆಲ್ಲ ಆರಿಸಲು ಹೇಳುತ್ತಾನೆ. ಆ ಕತ್ತಲಲ್ಲಿ ಬೆನ್ನಿಗೆ ಗಾಳಿ ಬೀಸುತ್ತದೆ, ಮುಂದೆ ಎಲ್ಲೋ ನೀರು ಗುಳುಗುಳು ಎನ್ನುತ್ತದೆ. ದೇವರ ಮೂರ್ತಿ ಎಲ್ಲಿದೆ ಎಂದು ಕೆಲವರು ಹುಡುಕುತ್ತಾರೆ. ಗವಿಯಲ್ಲಿ ಮೂರ್ತಿಯಿಲ್ಲ.

ಆದರೆ ಕಣ್ಣಿಟ್ಟು ನೋಡಿದರೆ ಕಾಣುವುದು ಇನ್ನೊಂದಿದೆ. ಕಳೆದ ಡಿಸೆಂಬರಿನಲ್ಲಿ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಬಂದಿತ್ತು. ಅವರಲ್ಲಿ ಒಬ್ಬಾಕೆ ತುಂಬು ಬಸುರಿ, ಗವಿಗೆ ಇಳಿಯದೆ ಮೇಲೆಯೇ ಅಡ್ಡಾಡುತ್ತಿದ್ದಳು, ಕೈಯಲ್ಲಿ ಒಂದು ನೀರಿನ ಬಾಟಲಿ. ಎಂಬತ್ತು ದಾಟಿದ ನಮ್ಮ ಚಿಕ್ಕವ್ವ ಕೋಲೂರಿಕೊಂಡು ಬಂದು, ಗುರುತಿಲ್ಲ ಪರಿಚಯವಿಲ್ಲ, ಆ ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಹಿಡಿದು ಅವಳ ಜೊತೆ ನಡೆಯತೊಡಗಿದಳು. ಆ ಹುಡುಗಿ ಗಾಬರಿಯಿಂದ ನಕ್ಕು, ‘ಅಜ್ಜಿ, ಅದು ಅರ್ಧ ಲೀಟರ್ ಅಷ್ಟೇ’ ಎಂದಳು.

‘ಇರವಲ್ದ್ಯಾಕ ತಂಗಿ’ ಎಂದಳು ಚಿಕ್ಕವ್ವ, ಬಾಟಲಿಯನ್ನು ಸೊಂಟಕ್ಕೆ ಇರುಕಿಕೊಳ್ಳುತ್ತ. ‘ಈ ಗುಡ್ಡದಾಗ ಬಸರಿ ಹೆಂಗಸು ನೀರು ಹೊರೂದಿಲ್ಲ.’